ಹೆಸರು ಕೊಟ್ಟವರು

ಲಿಯೋರಾ ಮೌಸ್ಟ್ ಒಂದು ಸಲ ನ್ಯಾಯಾಧೀಶರ ಎದುರಿಗೇ ಆಣೆ ಇಡುವುದಿಲ್ಲ ಎಂದವಳು. ಶಾಲೆಯ ಬಸ್ಸು ಹಾಲಿನ ಲಾರಿಗೆ ಗುದ್ದಿದ ಮೊಕದ್ದಮೆ ಅದು. ಶಾಲೆಯ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ಕಂಡವಳು ಅವಳೊಬ್ಬಳೇ ಆದ್ದರಿಂದ ಸಾಕ್ಷಿಗೆ ಕರೆದಿದ್ದರು. ಗುಮಾಸ್ತ ಬೈಬಲನ್ನು ಮುಂದೆ ಹಿಡಿದ. ಅವಳು ಕೋಟಿನ ಜೇಬಿನಿಂದ ಕೈ ತೆಗೆಯಲಿಲ್ಲ.

"ನಾವು ಆಣೆ ಇಡೋರಲ್ಲ ಸ್ವಾಮಿ. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಅದರ ಮೇಲೆ ಇನ್ನೇನು ಬೇಕು?"

ನ್ಯಾಯಾಧೀಶರೂ ಪೆನ್ಸಿಲ್ವೇನಿಯಾದ ಆ ಬೆಟ್ಟದ ಸೀಮೆಯವರೇ. ಅವಳ ತಲೆಯ ಮೇಲಿನ ತೆಳು ಬಿಳಿ ಟೋಪಿ ನೋಡಿದ್ದೇ, "ಬ್ರೆದ್ರನ್ ಸಭೆಯೋರು. ಬಿಡಿ, ಇವರ ಹೌದು ನಮ್ಮ ಆಣೆಗಿಂತ ಗಟ್ಟಿ," ಎಂದು ಗುಮಾಸ್ತನನ್ನು ಹಿಂದಕ್ಕೆ ಕಳಿಸಿದರಂತೆ. ಈ ಕಥೆಯನ್ನು ಅವಳ ಊರಾದ ಬರ್ಕಿ ಗ್ಯಾಪಿನಲ್ಲಿ ಎಲ್ಲರೂ ಹೇಳುತ್ತಿದ್ದರು, ಲಿಯೋರಾ ಒಬ್ಬಳನ್ನು ಬಿಟ್ಟು. ಹೇಳಿಕೊಳ್ಳುವಂಥದ್ದು ಅದರಲ್ಲಿ ಅವಳಿಗೆ ಏನೂ ಕಂಡಿರಲಿಲ್ಲ. ಅವಳ ಅಜ್ಜಿಯೂ ಆಣೆ ಇಟ್ಟವಳಲ್ಲ. ಆ ಕ್ರೈಸ್ತ ಸಭೆಯವರು ಯುದ್ಧಕ್ಕೆ ಹೋಗುವುದಿಲ್ಲ, ಆಣೆ ಇಡುವುದಿಲ್ಲ, ವರ್ಷಕ್ಕೆ ಎರಡು ಸಲ ಪ್ರೀತಿಯೂಟಕ್ಕೆ ಕೂಡಿ ಒಬ್ಬರ ಕಾಲನ್ನು ಒಬ್ಬರು ತೊಳೆಯುತ್ತಾರೆ. ಇನ್ನೂರು ವರ್ಷದಿಂದ ನಡೆದುಕೊಂಡು ಬಂದದ್ದು.

ನಡೆದುಕೊಂಡು ಬಂದದ್ದು ಅವಳ ಮನೆಯಲ್ಲೇ ಒಮ್ಮೆ ತಪ್ಪಿತ್ತು. ಗಂಡ ತೀರಿಕೊಂಡ ಮೇಲೆ ಉಳಿದವನು ಒಬ್ಬ ಮಗ, ಗೇಲನ್. ಹತ್ತೊಂಬತ್ತಕ್ಕೆ ಸೈನ್ಯದಿಂದ ಕರೆ ಬಂತು. ಶಾಂತಿಯ ಸಭೆಗೆ ಸೇರಿದವನು ಎಂಬ ಕಾಗದಕ್ಕೆ ಒಂದು ಸಹಿ ಹಾಕಿದ್ದರೆ ಸಾಕಿತ್ತು, ಬಂದೂಕಿನ ಬದಲು ಎಲ್ಲಾದರೂ ಆಸ್ಪತ್ರೆಯ ಕೆಲಸಕ್ಕೆ ಹಾಕುತ್ತಿದ್ದರು. ಆ ಕಾಗದ ಎಂಟು ದಿನ ಅಡುಗೆಮನೆಯ ಮೇಜಿನ ಮೇಲೆ, ಮೇಪಲ್ ಪಾಕದ ಡಬ್ಬಿಯ ಕೆಳಗೆ ಬಿದ್ದಿತ್ತು. ಊರಿನ ಕಲ್ಲಿದ್ದಲು ಗಣಿಯ ಹುಡುಗರೆಲ್ಲ ಹೊರಟಿರುವಾಗ ತಾನೊಬ್ಬ ಹಿಂದುಳಿಯಲಾರೆ ಎಂದು ಗೇಲನ್ ಸಹಿ ಹಾಕದೆ ಹೋದ. ಹನ್ನೊಂದು ತಿಂಗಳಿಗೆ ಪೆಟ್ಟಿಗೆಯಲ್ಲಿ ಬಂದ. ಕಾಗದದ ಮೇಲೆ ಉಳಿದ ಡಬ್ಬಿಯ ಅಂಟು ಕಲೆ ಲಿಯೋರಾಳ ಕಣ್ಣಿನಿಂದ ಹೋಗಲೇ ಇಲ್ಲ. ಆ ಕಾಗದವನ್ನು ಮಡಿಸಿ ಕೀರ್ತನೆಯ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು.

ಇದಾಗಿ ಐದನೆಯ ವರ್ಷಕ್ಕೆ ರಾಷ್ಟ್ರಾಧ್ಯಕ್ಷರ ಚುನಾವಣೆ ಬಂತು. ಊರಿನವರು ಎರಡು ದೊಡ್ಡ ಪಕ್ಷಗಳನ್ನು ಅವುಗಳ ಹೆಸರಿನಿಂದ ಕರೆಯುತ್ತಿರಲಿಲ್ಲ. ಒಂದು ಸಂಘದ ಪಕ್ಷ, ಎಂದರೆ ಗಣಿ ಕಾರ್ಮಿಕರ ಸಂಘ ಓಟು ಹಾಕು ಎನ್ನುವ ಪಕ್ಷ. ಇನ್ನೊಂದು ಕಂಪನಿ ಪಕ್ಷ. ಯುದ್ಧದ ವಿಷಯದಲ್ಲಿ ಎರಡೂ ಒಂದೇ ಗಾಣದ ಎತ್ತು. ಆ ಬೇಸಿಗೆ ಮೂರನೆಯವನೊಬ್ಬ ಎದ್ದ. ಯಾವ ಪಕ್ಷಕ್ಕೂ ಸೇರದ ಸ್ವತಂತ್ರ ಅಭ್ಯರ್ಥಿ. ಗೆದ್ದ ದಿನವೇ ಹುಡುಗರನ್ನು ಮನೆಗೆ ಕರೆಸುತ್ತೇನೆ ಎನ್ನುತ್ತಿದ್ದ. ಆದರೆ ಅವನ ಹೆಸರು ಓಟಿನ ಯಂತ್ರದ ಮೇಲೆ ಬರಬೇಕಾದರೆ ರಾಜ್ಯದ ಸಾವಿರಾರು ಮತದಾರರು ಅರ್ಜಿಗೆ ಸಹಿ ಹಾಕಿಕೊಡಬೇಕಿತ್ತು. ಪಿಟ್ಸ್‌ಬರ್ಗಿನಿಂದ ಒಬ್ಬ ಹುಡುಗಿ ಬಂದು ಭಾನುವಾರದ ಆರಾಧನೆಯ ನಂತರ ಸಭೆಯ ಮೆಟ್ಟಿಲ ಮೇಲೆ ನಿಂತು ಕೇಳಿದಳು, ಈ ಊರಿನಲ್ಲಿ ಸಹಿ ಮಾಡಿಸುವವರು ಯಾರಾದರೂ ಇದ್ದೀರಾ ಎಂದು. ಹತ್ತು ಹಾಳೆಗಳನ್ನು ಲಿಯೋರಾ ತೆಗೆದುಕೊಂಡಳು.

ಮೊದಲ ಹಾಳೆ ಹಿಡಿದು ಹೋದದ್ದು ತಂಗಿಯ ಮನೆಗೆ. ತಂಗಿ ಎಲ್ಡಾ ಹಿತ್ತಲ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಅವಳ ಗಂಡ ಡಾರ್ಸಿ ಸೇಲರ್ ಕುರ್ಚಿಯಲ್ಲಿದ್ದ. ಇಪ್ಪತ್ತೊಂಬತ್ತು ವರ್ಷ ಗಣಿಯೊಳಗೆ ದುಡಿದು ಈಗ ನಾಲ್ಕು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುವವನು. ಅವನು ಸಭೆಗೆ ಸೇರಿದವನಲ್ಲ, ಸಂಘಕ್ಕೆ ಸೇರಿದವನು. ಹೆಂಡತಿಯ ಅಕ್ಕನನ್ನು ತಮಾಷೆಗೆ ಬಿಷಪ್ ಎಂದೇ ಕರೆಯುತ್ತಿದ್ದ.

"ಏನು ಬಿಷಪ್, ಯಾರನ್ನ ಸ್ವರ್ಗಕ್ಕೆ ಕಳಿಸೋ ಪಟ್ಟಿ ಅದು?"

"ಸ್ವರ್ಗಕ್ಕಲ್ಲ. ಓಟಿನ ಯಂತ್ರಕ್ಕೆ."

ಲಿಯೋರಾ ವಿಷಯ ಹೇಳಿದಳು. ಡಾರ್ಸಿ ಕೇಳಿ, ಮೇಜಿನ ಮೇಲಿದ್ದ ರುಬಾರ್ಬ್ ಪೈ ಎಂಬ ದುಂಡನೆಯ ಸಿಹಿತಿಂಡಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ನೋಡು ಇಲ್ಲಿ. ನಮ್ಮ ರಾಜ್ಯದಲ್ಲಿ ಪೈ ಹಂಚೋ ಪದ್ಧತಿ ಇಲ್ಲ. ಯಾವನಿಗೆ ಒಂದು ಓಟು ಜಾಸ್ತಿ ಬಂತೋ, ರಾಜ್ಯ ಪೂರ್ತಿ ಅವನದು." ಉಸಿರೆಳೆದುಕೊಂಡ. "ಮಿಕ್ಕೋರಿಗೆ ತಟ್ಟೆ ನೆಕ್ಕೋದು. ಈಗ ನಿನ್ನ ಮೂರನೆಯವನು ಬಂದ. ಅವನು ತಿನ್ನೋದು ಯಾರ ತುಂಡು? ಯುದ್ಧ ಬೇಡ ಅನ್ನೋರು ಕಂಪನಿ ಪಕ್ಷದಲ್ಲಿ ಎಷ್ಟು ಜನ ಇದ್ದಾರೆ? ತಿಂದರೆ ನಮ್ಮದನ್ನೇ ತಿನ್ಬೇಕು."

"ಸಹಿ ಅಂದ್ರೆ ಓಟಲ್ಲ ಡಾರ್ಸಿ. ನಿಲ್ಲೋಕೆ ಜಾಗ ಕೊಡು ಅಂತ ಅಷ್ಟೆ. ಓಟು ನಿನ್ನಿಷ್ಟ."

"ಅದು ನನಗೆ ಗೊತ್ತು. ನಿನ್ನ ಜನಕ್ಕೆ ಗೊತ್ತಾ?"

ಎಲ್ಡಾ ಬಟಾಣಿಯ ಬಟ್ಟಲಿನಿಂದ ತಲೆ ಎತ್ತದೆ ಹೇಳಿದಳು: "ಅವರು ಹೇಳೋದು ನಿಜ ಲೀ. ನಮ್ಮ ಹೆಂಗಸರು ಹೊಲಿಗೆ ಕೂಟಕ್ಕೆ ಬರ್ತೀನಿ ಅಂತ ಹೆಸರು ಬರೆದ್ರೆ ಜ್ವರ ಬಂದ್ರೂ ಬರ್ತಾರೆ. ಇದನ್ನ ಹಾಗೇ ತಿಳ್ಕೊಂಡ್ರೆ?"

"ನಾನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳ್ತೀನಿ."

ಡಾರ್ಸಿ ನಕ್ಕು ಲೇಖನಿ ಕೇಳಿ ಪಡೆದು ಸಹಿ ಹಾಕಿದ. "ಬಡವ, ನಿಂತ್ಕೊಳ್ಳಲಿ. ಓಟು ಮಾತ್ರ ಸಂಘದ್ದು." ಎಲ್ಡಾ ಕೈ ಒರೆಸಿಕೊಂಡು ಬಂದು ಗಂಡನ ಹೆಸರಿನ ಕೆಳಗೆ ತನ್ನದನ್ನು ಬರೆದಳು. ಬರೆಯುವಾಗ, "ಗೇಲನ್‌ಗೋಸ್ಕರ," ಎಂದಳು, ಅಕ್ಕನಿಗಷ್ಟೇ ಕೇಳುವಂತೆ.

ಆ ಜುಲೈ ತಿಂಗಳು ಪೂರ್ತಿ ಲಿಯೋರಾ ಮನೆಮನೆ ತಿರುಗಿದಳು. ಸ್ಟ್ರಾಬೆರಿ ಕೂಟದಲ್ಲಿ, ಹೊಲಿಗೆಯ ಚೌಕಟ್ಟಿನ ಸುತ್ತ, ಅಗ್ನಿಶಾಮಕದವರ ಸಭಾಂಗಣದ ಕೋಳಿ ಊಟದಲ್ಲಿ. ಮಾತು ಕೊಟ್ಟಂತೆ ಎಲ್ಲರಿಗೂ ಬಿಡಿಸಿ ಹೇಳಿದಳು. ಜನ ತಲೆಯಾಡಿಸಿದರು, ಕನ್ನಡಕ ಹುಡುಕಿದರು, ಹೆಸರನ್ನು ಅಕ್ಷರ ಅಕ್ಷರವಾಗಿ, ಮನೆಯ ಬೈಬಲಿನಲ್ಲಿ ಮಕ್ಕಳ ಹುಟ್ಟಿದ ದಿನ ಬರೆಯುವ ಹಾಗೆ ಬರೆದುಕೊಟ್ಟರು. ಅಷ್ಟು ನಿಧಾನವಾಗಿ ಬರೆದ ಹೆಸರು ಹಗುರವಾದದ್ದಲ್ಲ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಅನ್ನಿಸಿದಾಗ ಒಳಗೆಲ್ಲೋ ಒಂದು ಸುಖವೂ ಆಗುತ್ತಿತ್ತು. ಆ ಸುಖವನ್ನು ಅವಳು ಪ್ರಾರ್ಥನೆಯಲ್ಲಿ ಹೇಳಿಕೊಳ್ಳಲಿಲ್ಲ.

ತಿಂಗಳ ಕೊನೆಗೆ ಇನ್ನೂರ ಅರವತ್ತು ಹೆಸರಾಗಿತ್ತು. ಅದೇ ವಾರ ಪೇಟೆಬೀದಿಯಲ್ಲಿ ಇನ್ನೊಬ್ಬ ಅದೇ ಹಾಳೆಗಳನ್ನು ಹಿಡಿದು ನಿಂತಿರುವುದನ್ನು ಕಂಡಳು. ಹೊಳೆಯುವ ಬೂಟು, ಇಸ್ತ್ರಿಯ ಅಂಗಿ. ಗಣಿ ಕಂಪನಿಯ ವಕೀಲರ ಆಫೀಸಿನಲ್ಲಿ ಅವನನ್ನು ನೋಡಿದ ನೆನಪು.

"ನೀವೂ ನಮ್ಮೋರಿಗೆ ಸಹಿ ಮಾಡಿಸ್ತಾ ಇದ್ದೀರಾ?" ಎಂದು ಕೇಳಿದಳು.

"ಜನರಿಗೆ ಆಯ್ಕೆ ಇರಬೇಕು ನೋಡಿ ಅಮ್ಮ," ಎಂದ ಅವನು, ಬಹಳ ಮರ್ಯಾದೆಯಿಂದ.

ಸಂಜೆ ಡಾರ್ಸಿಗೆ ಹೇಳಿದಳು. "ಕೋಳಿಗೆ ಕಾಳು ಹಾಕೋನೆಲ್ಲ ಕೋಳಿ ಮೇಲಿನ ಪ್ರೀತಿಗೆ ಹಾಕ್ತಾನಾ, ಬಿಷಪ್?" ಎಂದ. ಲಿಯೋರಾ ಮರುದಿನ ಹಾಳೆಗಳನ್ನು ತೆಗೆದುಕೊಂಡು ಹೋಗಿ, ಇವರೆಲ್ಲ ನನ್ನ ಕಣ್ಣೆದುರೇ ಬರೆದವರು ಎಂದು ಅಧಿಕಾರಿಯ ಮುಂದೆ, ಆಣೆ ಇಡದೆ, ಬರೀ ಹೌದು ಎಂದು ಹೇಳಿ ಕೊಟ್ಟು ಬಂದಳು.

ಡಾರ್ಸಿಗೆ ಅಷ್ಟು ಚಿಂತೆ ಸುಮ್ಮನೆ ಬಂದದ್ದಲ್ಲ. ಹಳೆಯ ಕಂಪನಿ ಅಂಗಡಿಯ ಕೆಳಅಂತಸ್ತಿನಲ್ಲಿ ಸರ್ಕಾರದ ಎದೆರೋಗದ ಕ್ಲಿನಿಕ್ ಇತ್ತು. ಮಂಗಳವಾರ, ಶುಕ್ರವಾರ ಗಣಿಯ ಮುದುಕರು ಅಲ್ಲಿಗೆ ಹೋಗಿ ಯಂತ್ರದ ಬಾಯಿಗೆ ಬಾಯಿ ಕೊಟ್ಟು ಔಷಧದ ಆವಿ ಎಳೆದುಕೊಳ್ಳುತ್ತಿದ್ದರು. ದಾದಿ ಬೆನ್ನು ತಟ್ಟಿ ಕಪ್ಪು ಕಫ ಹೊರಗೆ ತೆಗೆಸುತ್ತಿದ್ದಳು. ಅಲ್ಲಿಂದ ಬಂದ ದಿನ ಡಾರ್ಸಿ ಮಲಗಿ ನಿದ್ದೆ ಮಾಡುತ್ತಿದ್ದ. ಉಳಿದ ದಿನ ಕುರ್ಚಿಯಲ್ಲೇ ಕುಳಿತು ತೂಕಡಿಕೆ. ಸಂಘದ ಪಕ್ಷದ ಸರ್ಕಾರ ತೆರೆಸಿದ ಕ್ಲಿನಿಕ್ ಅದು. ಗೆದ್ದರೆ ಇಂಥ ದಂಡದ ಖರ್ಚೆಲ್ಲ ನಿಲ್ಲಿಸುತ್ತೇವೆ ಎಂದು ಕಂಪನಿ ಪಕ್ಷದವರು ಬಾಯಿಬಿಟ್ಟು ಹೇಳುತ್ತಿದ್ದರು.

ಅಕ್ಟೋಬರಿನಲ್ಲಿ ಪ್ರೀತಿಯೂಟ ಮುಗಿದು, ಸಭೆಯ ನೆಲಮಾಳಿಗೆಯಲ್ಲಿ ಲಿಯೋರಾ ಕಾಲು ತೊಳೆದ ಬೋಗುಣಿಗಳನ್ನು ಒರೆಸಿಡುತ್ತಿದ್ದಳು. ಹಿರಿಯ ಸಭಾಸೇವಕ ಐರಾ ಫೈಕ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಬಂದು ನಿಂತರು. ಎಂಬತ್ತರ ಹತ್ತಿರದ ಮನುಷ್ಯ, ಇರುವೆಗೂ ದಾರಿ ಬಿಡುವವರು.

"ಸಿಸ್ಟರ್ ಲಿಯೋರಾ, ಒಂದು ಮಾತು ಕೇಳ್ಬೇಕಿತ್ತು. ಬೇಸಿಗೇಲಿ ನಾವೆಲ್ಲ ಹೆಸರು ಬರೆದುಕೊಟ್ವಲ್ಲ."

"ಹೂಂ ಬ್ರದರ್ ಐರಾ."

"ಈಗ ಬೇರೆಯವರಿಗೆ ಓಟು ಹಾಕಿದ್ರೆ ಬರೆದ ಹೆಸರು ಸುಳ್ಳಾಗೋದಿಲ್ವಾ ಅಂತ ನಮ್ಮೋರು ಕೇಳ್ತಾರೆ. ಗಣಿ ಮನೆಗಳಲ್ಲಿ ಹೆದರಿಕೆ ಇದೆ, ಕ್ಲಿನಿಕ್ ಮುಚ್ಚಿಬಿಡ್ತಾರೆ ಅಂತ. ಅತ್ತ ಕೊಟ್ಟ ಹೆಸರು, ಇತ್ತ ಇದು. ಮಾಡಿಸಿದೋಳು ನೀನು. ಬಂಧನ ಇಲ್ಲ ಅಂತ ನೀನು ಒಂದು ಮಾತು ಅಂದ್ರೆ ಜನ ಹಗುರ ಆಗ್ತಾರೆ. ನಾನೇ ಹೋಗಿ ಎಲ್ಲರಿಗೂ ಹೇಳ್ತೀನಿ."

ಒಂದು ಮಾತು. ಜುಲೈಯಲ್ಲಿ ಇನ್ನೂರ ಅರವತ್ತು ಸಲ ಹೇಳಿದ ಮಾತೇ. ಲಿಯೋರಾ ಬೋಗುಣಿಯ ಅಂಚನ್ನು ಒರೆಸಿದಳು, ಮತ್ತೆ ಒರೆಸಿದಳು. ಮಗ ಹಾಕದೆ ಹೋದ ಒಂದು ಸಹಿಗೆ ಬದಲು ಇಷ್ಟು ಸಹಿ ಕೂಡಿಸಿದ್ದಳು. ಅವನ್ನು ತನ್ನ ಬಾಯಿಂದಲೇ ಅಳಿಸಿಹಾಕು ಎನ್ನುತ್ತಿದ್ದರು ಈ ಒಳ್ಳೆಯ ಮುದುಕ.

"ಬರೆದೋರಿಗೆ ಗೊತ್ತಿರತ್ತೆ ಬ್ರದರ್ ಐರಾ, ಏನು ಬರೆದ್ವಿ ಅಂತ," ಎಂದಳು.

ಸುಳ್ಳಲ್ಲ ಅದು. ಐರಾ "ಸರಿ ಹಾಗಾದ್ರೆ," ಎಂದು ಟೋಪಿ ಹಾಕಿಕೊಂಡು ಹೋದರು. ಬಂಧನ ಉಂಟು ಎಂದೇ ಅವರು ತಿಳಿದುಕೊಂಡರು ಎಂಬುದು ಅವರ ಬೆನ್ನು ನೋಡಿಯೇ ಗೊತ್ತಾಗುತ್ತಿತ್ತು. ಅವಳು ಕರೆಯಲಿಲ್ಲ.

ಓಟಿನ ದಿನ ಅಗ್ನಿಶಾಮಕದವರ ಸಭಾಂಗಣದ ಬಾಗಿಲಲ್ಲಿ ಸಭೆಯ ಹೆಂಗಸರು ಎಂದಿನಂತೆ ಸೂಪು, ಪೈ ಮಾರಲು ಕುಳಿತರು. ಲಿಯೋರಾ ಸೂಪಿನ ಹಂಡೆಯ ಹಿಂದೆ, ಡಾರ್ಸಿ ಅವಳ ಪಕ್ಕದ ಬೆಂಚಿನ ಮೇಲೆ. ಒಳಗೆ ಪರದೆಯ ಹಿಂದೆ ಹಳೆಯ ಕಬ್ಬಿಣದ ಓಟಿನ ಯಂತ್ರ. ಅದರಲ್ಲಿ ಒಂದೊಂದು ಪಕ್ಷಕ್ಕೆ ಒಂದೊಂದು ದೊಡ್ಡ ಹಿಡಿ. ಅದನ್ನು ಎಳೆದರೆ ಆ ಪಕ್ಷದ ಎಲ್ಲರಿಗೂ ಒಂದೇ ಏಟಿಗೆ ಓಟು ಬೀಳುತ್ತಿತ್ತು, ಬಾಗಿಲಾಚೆಗೂ ಕೇಳುವ ಹಾಗೆ ಢಕ್ ಎನ್ನುತ್ತಿತ್ತು. ಒಬ್ಬೊಬ್ಬರಿಗೇ ಹಾಕುವವರು, ಪಕ್ಷವಿಲ್ಲದ ಸ್ವತಂತ್ರನಿಗೆ ಹಾಕುವವರೂ, ಚಿಕ್ಕ ಹಿಡಿಗಳನ್ನು ಇಳಿಸಬೇಕು. ಅವಕ್ಕೆ ಟಿಕ್ ಎಂಬ ಸಣ್ಣ ಸದ್ದು.

ಎಲ್ಡಾ ಒಳಗೆ ಹೋದಳು. ಢಕ್.

"ಕೇಳಿಸ್ತಾ ಬಿಷಪ್? ಅದು ನನ್ನ ಹೆಂಡತಿ," ಎಂದ ಡಾರ್ಸಿ, ಮದುವೆಯ ದಿನದ ಮುಖ ಮಾಡಿಕೊಂಡು.

ಆಮೇಲೆ ಸಭೆಯವರು ಬಂದರು. ಐರಾ ಬಂದರು, ಬರ್ಕಿ ಮನೆಯ ನಾಲ್ವರು ಬಂದರು, ಗಣಿಯಲ್ಲಿ ಮಕ್ಕಳಿದ್ದವರೂ ಬಂದರು. ಟಿಕ್. ಟಿಕ್. ಟಿಕ್. ಡಾರ್ಸಿ ಮೊದಮೊದಲು ಒಬ್ಬೊಬ್ಬರಿಗೂ ಒಂದೊಂದು ಚಟಾಕಿ ಹಾರಿಸಿದ. ಮಧ್ಯಾಹ್ನದ ಹೊತ್ತಿಗೆ ಸೂಪು ಕೊಟ್ಟರೆ, "ಬೇಡ, ಆರಿಹೋಗಿದೆ," ಎಂದ. ಹಂಡೆ ಕುದಿಯುತ್ತಿತ್ತು.

ಮರುದಿನ ಬಾಗಿಲಿಗೆ ಲೆಕ್ಕ ಅಂಟಿಸಿದರು. ಹಿಂದಿನ ಸಲ ನಾನೂರು ದಾಟಿದ್ದ ಸಂಘದ ಪಕ್ಷಕ್ಕೆ ಈ ಸಲ ನೂರ ಎಪ್ಪತ್ತೊಂದು. ಸ್ವತಂತ್ರನಿಗೆ ಇನ್ನೂರ ಮೂವತ್ತೆಂಟು. ಕಂಪನಿ ಪಕ್ಷಕ್ಕೆ ಎಂದಿನಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ ಎನ್ನುವ ಹಾಗೆ. ಇಡೀ ರಾಜ್ಯವನ್ನು ಕಂಪನಿ ಪಕ್ಷ ಗೆದ್ದದ್ದು ನಾಲ್ಕು ಸಾವಿರಕ್ಕೂ ಕಡಿಮೆ ಓಟಿನಿಂದ. ಆ ರಾಜ್ಯದಿಂದಲೇ ದೇಶವನ್ನೂ ಗೆದ್ದಿತು. ಬರ್ಕಿ ಗ್ಯಾಪ್ ಒಂದೇ ಅಷ್ಟನ್ನು ಕೆಡಿಸಿರಲಾರದು. ಆದರೆ ಬೆಟ್ಟಗಳಾಚೆ ಅಂಥ ಊರುಗಳು ಇನ್ನೂ ಇದ್ದವು, ಅಲ್ಲಿಯೂ ಯಾರೋ ಹೆಂಗಸರು ಹಾಳೆ ಹಿಡಿದು ತಿರುಗಿದ್ದರು. ಸ್ವತಂತ್ರ ಅಭ್ಯರ್ಥಿ ರೇಡಿಯೋದಲ್ಲಿ ಎಲ್ಲರಿಗೂ ವಂದನೆ ಹೇಳಿ ಕಾಲೇಜಿನಲ್ಲಿ ಪಾಠ ಹೇಳುವ ತನ್ನ ಕೆಲಸಕ್ಕೆ ಹಿಂದಿರುಗಿದ. ಯುದ್ಧ ನಿಲ್ಲಲಿಲ್ಲ. ಪಿಟ್ಸ್‌ಬರ್ಗಿನ ಹುಡುಗಿ ಕ್ರಿಸ್‌ಮಸ್‌ಗೆ ಒಂದು ಕಾರ್ಡು ಕಳಿಸಿದಳು.

ಜೂನ್ ತಿಂಗಳಲ್ಲಿ ಕ್ಲಿನಿಕ್ಕಿನ ಬಾಗಿಲಿಗೆ ಬೀಗ ಬಿತ್ತು. ಮುಂದಿನ ಕ್ಲಿನಿಕ್ ಬೆಟ್ಟದ ಆಚೆ, ಅರವತ್ತೆಂಟು ಮೈಲಿ. ಎಲ್ಡಾಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಯಾರೂ ಕೇಳದಿದ್ದರೂ ಲಿಯೋರಾ ಪ್ರತಿ ಶುಕ್ರವಾರ ಬೆಳಿಗ್ಗೆ ತನ್ನ ಹಳೆಯ ಕಾರನ್ನು ತಂಗಿಯ ಮನೆಯ ಮುಂದೆ ನಿಲ್ಲಿಸತೊಡಗಿದಳು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಅಲ್ಲಿ ಸಿಕ್ಕ ಉಸಿರು ಹಿಂದಿರುಗುವ ದಾರಿಯ ಏರಿನಲ್ಲೇ ಮುಗಿದುಹೋಗುತ್ತಿತ್ತು.

"ನೀನು ಡ್ರೈವ್ ಮಾಡೋದು ನೋಡಿದ್ರೆ," ಎನ್ನುತ್ತಿದ್ದ ಡಾರ್ಸಿ, ಬಾಗಿಲಿನ ಹಿಡಿ ಹಿಡಿದು, "ಎದೆರೋಗಕ್ಕಿಂತ ಮುಂಚೆ... ಹೃದಯ ನಿಲ್ಲತ್ತೆ."

ಅವನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಎಂದು ಲಿಯೋರಾಗೆ ಅನ್ನಿಸುತ್ತಿತ್ತು. ಸೆಪ್ಟೆಂಬರಿನಲ್ಲಿ ಅಲ್ಲಿನ ವೈದ್ಯರು, ಇನ್ನು ಈ ಪ್ರಯಾಣ ಬೇಡ, ಮನೆಯಲ್ಲೇ ಇರಲಿ ಎಂದರು. ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಕೇಳಲಿಲ್ಲ.

ಪ್ರೀತಿಯೂಟಕ್ಕೆ ಮುಂಚೆ ಸಭಾಸೇವಕರು ಮನೆಮನೆಗೆ ಬಂದು ಒಂದು ಪ್ರಶ್ನೆ ಕೇಳುವುದು ಆ ಸಭೆಯ ರೂಢಿ. ನಿನಗೆ ತಿಳಿದ ಮಟ್ಟಿಗೆ ಎಲ್ಲರೊಡನೆ ಸಮಾಧಾನದಲ್ಲಿದ್ದೀಯಾ? ಹೌದು ಎಂದವರು ಊಟಕ್ಕೆ ಕೂರುತ್ತಾರೆ. ಇಲ್ಲ ಎಂದವರು ಮೊದಲು ಹೋಗಿ ಸರಿಮಾಡಿಕೊಂಡು ಬರಬೇಕು. ಐರಾ ಬಂದು ಅಡುಗೆಮನೆಯ ಮೇಜಿಗೆ ಕುಳಿತು ಪ್ರಶ್ನೆ ಕೇಳಿದರು. ಲಿಯೋರಾ ಕಾಫಿ ಬಗ್ಗಿಸುತ್ತ ಕೇಳಿದಳು:

"ಎಲ್ಡಾ ಏನಂದ್ಲು?"

"ಹೌದು ಅಂದ್ಲು."

"ತಕ್ಷಣ ಅಂದ್ಲಾ?"

ಐರಾ ಕಪ್ಪನ್ನು ತಿರುಗಿಸಿದರು. "ತಕ್ಷಣ ಅನ್ನಲಿಲ್ಲ. ಒಲೆ ಮೇಲೆ ಏನೋ ಇತ್ತು, ಅದನ್ನ ಇಳಿಸಿ ಬಂದು ಅಂದ್ಲು."

"ನನ್ನ ಉತ್ತರಕ್ಕೆ ಎರಡು ದಿನ ಕೊಡಿ ಬ್ರದರ್ ಐರಾ."

ಅವಳು ಹೋದಾಗ ಎಲ್ಡಾ ಅದೇ ಹಿತ್ತಲ ಜಗಲಿಯಲ್ಲಿ ಸೇಬು ಸುಲಿಯುತ್ತಿದ್ದಳು. ಒಳಗಿನಿಂದ ಡಾರ್ಸಿಯ ಉಸಿರು ಕೇಳುತ್ತಿತ್ತು, ಒದ್ದೆ ಮರವನ್ನು ಗರಗಸ ಎಳೆದಂತೆ. ಲಿಯೋರಾ ಕೂರಲಿಲ್ಲ. ಕಂಬ ಹಿಡಿದು ನಿಂತೇ ಹೇಳಿದಳು.

"ಹೋದ ವರ್ಷ ಐರಾ ನನ್ನ ಕೇಳಿದ್ರು. ಸಹಿ ಹಾಕಿದ್ದಕ್ಕೆ ಬಂಧನ ಉಂಟಾ ಅಂತ. ಇಲ್ಲ ಅಂತ ಒಂದು ಮಾತು ಸಾಕಿತ್ತು. ನಾನು ಹೇಳಲಿಲ್ಲ. ಬೇಕು ಅಂತಲೇ ಹೇಳಲಿಲ್ಲ ಎಲ್ಡಾ."

ಚಾಕು ನಿಲ್ಲಲಿಲ್ಲ. ಸಿಪ್ಪೆ ಉದ್ದಕ್ಕೆ ಇಳಿಯುತ್ತಲೇ ಇತ್ತು.

"ಗೊತ್ತು."

"ಐರಾ ಹೇಳಿದ್ರಾ?"

"ಐರಾ ಯಾಕೆ ಹೇಳ್ಬೇಕು. ನೀನು ಹೇಳಿದ್ದಿದ್ರೆ ಅವರು ಮಾರನೇ ದಿನವೇ ನನ್ನ ಮನೆಗೆ ಬಂದು ಹೇಳ್ತಿದ್ರಲ್ಲ. ಬರಲಿಲ್ಲ. ನಾನು ಓಟಿನ ದಿನದವರೆಗೂ ಬಾಗಿಲು ನೋಡ್ತಾ ಇದ್ದೆ." ಎಲ್ಡಾ ಸೇಬನ್ನು ಎರಡು ಹೋಳು ಮಾಡಿದಳು. "ಕೂತ್ಕೋ ಲೀ. ನಿಂತ್ರೆ ನಿನಗೇನು ಪುಣ್ಯ ಬರಲ್ಲ."

ಲಿಯೋರಾ ಕುಳಿತಳು.

"ನಾನೂ ಅವನಿಗೇ ಹಾಕಿದ್ದು," ಎಂದಳು ಎಲ್ಡಾ.

"ಯಾರಿಗೆ?"

"ನಿನ್ನವನಿಗೆ. ಹೆಸರು ಬರೆದುಕೊಟ್ಟಿದ್ದೆನಲ್ಲ."

"ಸದ್ದು ಬಂತಲ್ಲ. ನಾವಿಬ್ರೂ ಕೇಳಿದ್ವಿ."

"ಇವರು ಹೊರಗೆ ಕಿವಿ ಕೊಟ್ಟು ಕೂತಿರ್ತಾರೆ ಅಂತ ಗೊತ್ತಿತ್ತು. ದೊಡ್ಡ ಹಿಡಿ ಎಳೆದೆ. ಆಮೇಲೆ ಅಧ್ಯಕ್ಷರದ್ದು ಮಾತ್ರ ಮೇಲೆ ಎತ್ತಿ, ಇನ್ನೊಂದನ್ನ ಸದ್ದಾಗದ ಹಾಗೆ ಮೆಲ್ಲಗೆ ಕೆಳಗೆ ಇಳಿಸಿದೆ. ಹಾಗೂ ಮಾಡಬಹುದು, ಆ ಯಂತ್ರದಲ್ಲಿ." ಎಲ್ಡಾ ಮೊದಲ ಸಲ ತಲೆ ಎತ್ತಿದಳು. ಅತ್ತಿರಲಿಲ್ಲ. ಅಳುವವರ ಮುಖಕ್ಕಿಂತ ಒಣಗಿತ್ತು ಅದು. "ಇವರ ಬೆನ್ನು ತಟ್ಟುವಾಗಲೆಲ್ಲ ಅದು ನೆನಪಾಗತ್ತೆ. ಇವರಿಗೆ ಹೇಳ್ಬೇಡ. ನನ್ನ ಓಟಾದ್ರೂ ಉಳೀತು ಅನ್ಕೊಂಡಿದ್ದಾರೆ."

"ಐರಾಗೆ ಹೌದು ಅಂದ್ಯಂತೆ."

"ಅಂದೆ. ಇಲ್ಲ ಅಂದ್ರೆ ಯಾರ ಜೊತೆ ಸಮಾಧಾನ ಇಲ್ಲ ಅಂತ ಹೇಳ್ಬೇಕಲ್ಲ. ಪಟ್ಟಿ ಶುರುವಾಗೋದು ನನ್ನಿಂದಲೇ. ಎರಡನೇದು ನೀನು."

ಲಿಯೋರಾ ಬುಟ್ಟಿಯಿಂದ ಒಂದು ಸೇಬು ತೆಗೆದುಕೊಂಡು ಸುಲಿಯತೊಡಗಿದಳು. ಇಬ್ಬರೂ ಬುಟ್ಟಿ ಮುಗಿಸಿದರು. ಎರಡು ದಿನದ ಮೇಲೆ ಅವಳೂ ಐರಾಗೆ ಹೌದು ಎಂದಳು. ತಪ್ಪನ್ನು ಒಪ್ಪಿಕೊಂಡಾಗಿತ್ತು, ತಂಗಿ ಹೌದು ಎಂದಾಗಿತ್ತು. ಸಭೆಯ ರೂಢಿಗೆ ಅಷ್ಟು ಸಾಕು.

ಪ್ರೀತಿಯೂಟದ ಸಂಜೆ ಹೆಂಗಸರ ಬೆಂಚಿನ ಮೇಲೆ ಎಲ್ಡಾಳ ಸರದಿ ಅಕ್ಕನ ಮುಂದೆಯೇ ಬಂತು. ಟವೆಲನ್ನು ಸೊಂಟಕ್ಕೆ ಕಟ್ಟಿಕೊಂಡು ಮೊಣಕಾಲೂರಿದಳು. ನೀರು ಆಗಲೇ ತಣ್ಣಗಾಗಿತ್ತು. ಒಂದೊಂದು ಪಾದವನ್ನೂ ಅಂಗೈಯಲ್ಲಿಟ್ಟು, ಹಿಮ್ಮಡಿಯ ಬಿರುಕಿನವರೆಗೂ ತೊಳೆದಳು. ಬೆರಳ ಸಂದಿ ಸಂದಿ ಒರೆಸಿದಳು. ಅಷ್ಟು ಅಚ್ಚುಕಟ್ಟಾಗಿ ಆ ದಿನ ಯಾರೂ ಯಾರ ಕಾಲನ್ನೂ ತೊಳೆಯಲಿಲ್ಲ. ಎದ್ದು ನಿಂತು ಪದ್ಧತಿಯಂತೆ ಅಕ್ಕನ ಕೆನ್ನೆಗೆ ಮುತ್ತಿಟ್ಟಳು. ತುಟಿ ತಾಗಿತು, ಅಷ್ಟೆ. ಲಿಯೋರಾ ಕಾಲುಚೀಲ ಹಾಕಿಕೊಳ್ಳುತ್ತ ದೇವರನ್ನು ಏನು ಕೇಳಬೇಕೆಂದು ಯೋಚಿಸಿದಳು. ಏನೂ ಹೊಳೆಯಲಿಲ್ಲ. ಸುಮ್ಮನೆ ತಲೆಬಾಗಿಸಿ ಕುಳಿತಳು.

ದನದ ಮಾಂಸದ ಸಾರಿನಲ್ಲಿ ರೊಟ್ಟಿ ನೆನೆಸಿದ ಸಭೆಯ ಊಟವನ್ನು ಒಂದು ಡಬ್ಬಿಗೆ ಹಾಕಿಕೊಂಡು ಇಬ್ಬರೂ ಎಲ್ಡಾಳ ಮನೆಗೆ ನಡೆದರು. ಕತ್ತಲಾಗಲು ಇನ್ನೂ ಸ್ವಲ್ಪ ಇತ್ತು. ನೆರೆಮನೆಯವಳು ಡಾರ್ಸಿಯ ಹತ್ತಿರ ಕುಳಿತಿದ್ದವಳು ಎದ್ದುಹೋದಳು. ಎಲ್ಡಾ ಊಟವನ್ನು ಬಟ್ಟಲಿಗೆ ಸುರಿದುಕೊಟ್ಟು, ಡಬ್ಬಿ ತೊಳೆಯಲು ಅಡುಗೆಮನೆಯ ನಲ್ಲಿಯ ಬಳಿ ನಿಂತಳು, ಬಾಗಿಲು ತೆರೆದೇ ಇತ್ತು. ಲಿಯೋರಾ ಚಮಚದಲ್ಲಿ ತಿನ್ನಿಸಿದಳು. ಎರಡು ಚಮಚ ಇಳಿಯಿತು.

"ಕಾಲು ತೊಳೆಯೋದು ನಿಮ್ಮೋರು... ಚೆನ್ನಾಗಿ ಮಾಡ್ತೀರಿ," ಎಂದ ಡಾರ್ಸಿ. "ಶ್ವಾಸಕೋಶ ತೊಳೆಯೋ ಸಭೆ... ಯಾವುದಾದ್ರೂ ಇದ್ರೆ ಹೇಳು. ಸೇರ್ತೀನಿ."

"ತಿನ್ನು. ಮಾತು ಆಮೇಲೆ."

"ಆಮೇಲೆ ಅಂದ್ರೆ ಯಾವಾಗ, ಬಿಷಪ್." ಕಣ್ಣು ಮುಚ್ಚಿದ, ತೆರೆದ. "ಒಂದು ಸಮಾಧಾನ ಇದೆ ನನಗೆ. ಊರೆಲ್ಲ ಟಿಕ್ ಅಂದ್ರೂ... ಈ ಮನೆ ಢಕ್ ಅಂತು. ನೀನೂ ಕೇಳಿದ್ಯಲ್ಲ."

ಚಮಚ ಲಿಯೋರಾಳ ಕೈಯಲ್ಲೇ ನಿಂತಿತು.

"ಕೇಳಿದೆ."

"ಎಲ್ಡಾ ನಮಗೇ ಹಾಕಿದ್ಲು. ಹೌದಲ್ವಾ?" ಅವನು ಅವಳನ್ನೇ ನೋಡುತ್ತಿದ್ದ. ನ್ಯಾಯಾಧೀಶರ ಕಥೆ ಅವನಿಗೂ ಗೊತ್ತಿತ್ತು. ಊರಿನಲ್ಲಿ ಯಾರ ಮಾತನ್ನು ಕೇಳಿದರೆ ಅದರ ಮೇಲೆ ಇನ್ನೊಂದು ಮಾತು ಬೇಕಾಗುವುದಿಲ್ಲವೋ ಅವಳನ್ನೇ ಕೇಳಿದ್ದ.

ಅಡುಗೆಮನೆಯಲ್ಲಿ ನೀರು ಬೀಳುವ ಸದ್ದು ನಿಂತಿತು.

"ಹೌದು," ಎಂದಳು ಲಿಯೋರಾ.

ಡಾರ್ಸಿ ತಲೆಯನ್ನು ಹಿಂದಕ್ಕೆ ದಿಂಬಿಗೆ ಒರಗಿಸಿದ. ಸ್ವಲ್ಪ ಹೊತ್ತಿನ ಮೇಲೆ ನಲ್ಲಿ ಮತ್ತೆ ಬಿಟ್ಟ ಸದ್ದು ಕೇಳಿತು, ಡಬ್ಬಿ ತಿಕ್ಕುವ ಸದ್ದು. ಎಲ್ಡಾ ಒಳಗೆ ಬರಲಿಲ್ಲ. ಲಿಯೋರಾ ಚಮಚದಲ್ಲಿ ಉಳಿದಿದ್ದ ಸಾರು ಆರಿದೆಯೇ ಎಂದು ತುಟಿಗೆ ತಾಗಿಸಿ ನೋಡಿ, ಮತ್ತೆ ಅವನ ಬಾಯಿಯ ಹತ್ತಿರ ಹಿಡಿದಳು.